ಹೀರಾಳ ಮೂಗು ಕಟ್ಟಿದ ಭಾನುವಾರ

ಬೈತಖೋಲ ಬಂದರಿನಲ್ಲಿ ಹೀರಾಳ ಮೂಗೆಂದರೆ ಮೂಗು. ಬುಟ್ಟಿ ದೋಣಿಯಿಂದ ಇಳಿಯುವ ಮೊದಲೇ ಇದು ಇವತ್ತಿನ ಮೀನು, ಇದು ನಿನ್ನೆಯದು ಎಂದು ಹೇಳಿಬಿಡುವಳು. ಅವಳು ಬೇಡವೆಂದ ಬುಟ್ಟಿಯನ್ನು ಹರಾಜಿನಲ್ಲಿ ಬೇರೆ ಹೆಂಗಸರೂ ಮುಟ್ಟುತ್ತಿರಲಿಲ್ಲ. ತಾನು ಮಾರಿದ ಮೀನು ತಿಂದು ಯಾರೂ ಹೊಟ್ಟೆ ಹಿಡಿದುಕೊಂಡು ಕೂತಿಲ್ಲ ಎಂಬುದೇ ಅವಳ ಹೆಮ್ಮೆ. ಆ ಹೆಮ್ಮೆಗೆ ಕೊಂಬು ಮೂಡಿದ್ದು 2006ರಲ್ಲಿ, ಮನೆಗೆ ಫ್ರಿಜ್ ಬಂದಾಗ.

ಫ್ರಿಜ್ಜಿಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ತುರುಕಿದಳು. ಹುಣಸೆಹಣ್ಣು, ಕೊಬ್ಬರಿ, ಅಬ್ಬಲಿಗೆ ಹೂವಿನ ದಂಡೆ, ಕಡೆಗೆ ಗಂಡ ಬಾಬುವಿನ ಬೀಡಿ ಕಟ್ಟೂ ಹೋಯಿತು. ಥಂಡಿ ಹಿಡಿದ ಬೀಡಿ ಹೊತ್ತಿಸಲು ಹೋಗಿ ಬಾಬು ಬೆಂಕಿಪೊಟ್ಟಣವನ್ನೇ ಖಾಲಿ ಮಾಡಿದ. ಹೀರಾ ಹೋಗುತ್ತ ಬರುತ್ತ ಬಾಗಿಲು ತೆರೆದು ತಣ್ಣೀರು ಗಟಗಟ ಕುಡಿದಳು. ಕುಡಿದವಳಿಗೆ ನೆಗಡಿ ಬಾರದೆ ಇದ್ದೀತೆ?

ಬಂದದ್ದಾದರೂ ಎಂಥ ವೇಳೆಗೆ! ಮಗಳು ವಿನುತಾಳನ್ನು ನೋಡಲು ಅಂಕೋಲೆಯ ಹಾರವಾಡದಿಂದ ಗಂಡಿನವರು ಬರುವ ಭಾನುವಾರ. ಹುಡುಗ ರೋಷನನ ಮೇಲೆ ಮಗಳ ಮನಸ್ಸಿದೆ ಎಂಬುದು ಹೀರಾಳಿಗೆ ಗೊತ್ತು. ಅವನ ತಾಯಿ ಬೇಬಿಯೂ ಮೀನು ಮಾರುವವಳೇ. ಅವಳಿಗೆ ಬಡಿಸಲೆಂದು ಶನಿವಾರವೇ ಆರಿಸಿ ತಂದ ಬಂಗಡೆ ಫ್ರಿಜ್ಜಿನಲ್ಲಿತ್ತು. ಆ ಸಂಜೆ ಗಾಳಿಮಳೆಗೆ ಹೋದ ಕರೆಂಟು ಮರುದಿನ ಬೆಳಿಗ್ಗೆಯೂ ಬರಲಿಲ್ಲ. ದೋಣಿಗಳೂ ಕಡಲಿಗೆ ಇಳಿಯಲಿಲ್ಲ, ಬೇರೆ ಮೀನು ತರುವ ಮಾತೇ ಇಲ್ಲ.

ಹೀರಾ ಬಂಗಡೆಯನ್ನು ಮೂಗಿಗೆ ಹಿಡಿದಳು. ಕಲ್ಲು ಮೂಸಿದಂತಾಯಿತು. ಬಾಬುವಿಗೆ ಕೊಟ್ಟರೆ, "ಬೀಡಿ ವಾಸ್ನೆ ಬರ್ತದೆ" ಎಂದ. ಕಿವಿರು ಕೆಂಪಗೇ ಇತ್ತು, ಆದರೆ ಮೀನಿನ ತಂಪು ಹೋಗಿತ್ತು. ತಂಪು ಹೋದ ಬಂಗಡೆ ನಾರುವ ಮೊದಲೇ ಕೆಡುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಬಾಯುರಿ, ಮೈತುರಿಕೆ ತಪ್ಪುವುದಿಲ್ಲ ಎಂಬುದನ್ನು ಅವಳು ಬಂದರಿನಲ್ಲಿ ಕಂಡಿದ್ದಳು. ಬಡಿಸಿದರೆ ಏನಾದೀತೋ. ಬಡಿಸದಿದ್ದರೆ, ಮೀನು ಮಾರುವವಳ ಮನೆಯಲ್ಲಿ ಮೀನಿಗೇ ಗತಿಯಿಲ್ಲ ಎಂದು ಸಂಬಂಧವೇ ಮುರಿದೀತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಏನು ಮಾಡಲಿ ಎಂದು ಒಲೆಯ ಮುಂದೆ ನಿಂತಿರುವಾಗಲೇ ಗಂಡಿನವರು ಬಂದರು, ಬೇಬಿ ಸೀದಾ ಅಡುಗೆಮನೆಗೇ ನುಗ್ಗಿದಳು.

"ಎಂತ ಹೀರಕ್ಕ, ಬಂಗ್ಡೆಯಾ?"

"ಹೌದು. ಆದ್ರೆ ಇದು ಬ್ಯಾಡ. ರಾತ್ರಿಯಿಡೀ ಕರೆಂಟಿಲ್ಲ. ನಂಗೆ ಮೂಗು ಬೇರೆ ಕಟ್ಟಿದೆ, ವಾಸ್ನೆನೇ ಗೊತ್ತಾಗುದಿಲ್ಲ."

ಹೇಳಿಬಿಟ್ಟಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೇಬಿ ಒಂದು ಮೀನೆತ್ತಿ ಮೂಸಿ, "ಎಂತದೂ ಆಗ್ಲಿಲ್ಲ. ಸಾರು ಮಾಡಿ" ಎಂದಳು.

"ಇಲ್ಲ ಬೇಬಕ್ಕ."

"ನಾ ಮೂಸಿ ಹೇಳಿದ್ರೂ ನಂಬ್ಕೆ ಇಲ್ವಾ?"

"ನಿಮ್ಮ ಮೂಗಿನ ಮೇಲೆ ನಂಬ್ಕೆ ಅದೆ. ಬಂಗ್ಡೆ ಮೇಲೆ ಇಲ್ಲ!"

ಹೀರಾ ಮೀನಿನ ತಲೆ ಹಿಡಿದಳು, ಬೇಬಿ ಬಾಲ ಬಿಡಲಿಲ್ಲ. ಎಳೆದಾಟದಲ್ಲಿ ಬಂಗಡೆ ಜಾರಿ ಹಾರಿ, ಬಾಗಿಲಲ್ಲಿ ಇಣುಕಿದ ಬಾಬುವಿನ ಇಸ್ತ್ರಿ ಅಂಗಿಗೆ ಬಡಿಯಿತು. ಜಗಲಿಯಲ್ಲಿದ್ದ ರೋಷನ ಕಿಸಕ್ಕನೆ ನಕ್ಕ. ಹೀರಾ ಯಾರ ಮುಖವನ್ನೂ ನೋಡದೆ ಮೀನನ್ನೆಲ್ಲ ಹಿತ್ತಲಿಗೊಯ್ದು ತೆಂಗಿನ ಬುಡದಲ್ಲಿ ಹೂತಳು, ಪಾತ್ರೆ ತಿಕ್ಕಿದಳು, ಸೋಪಿನಿಂದ ಕೈ ತೊಳೆದಳು. ಮಗಳ ಸಂಬಂಧವನ್ನೂ ಅದೇ ಗುಂಡಿಗೆ ಹಾಕಿದೆನಲ್ಲ ಎಂದುಕೊಂಡಳು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬೇಳೆ ಸಾರು, ಒಣಸಿಗಡಿ ಚಟ್ನಿ. ಬೇಬಿ ಬಡಿಸಿದ್ದನ್ನೆಲ್ಲ ಉಂಡಳು.

"ನಾನಾಗಿದ್ರೆ ಮರ್ಯಾದೆಗೆ ಹೆದ್ರಿ ಸಾರು ಮಾಡಿ ಬಡಿಸ್ತಿದ್ದೆ" ಎಂದಳು ಬೇಬಿ ಕೊನೆಗೆ. ಸೌಟು ಹಿಡಿದು ನಿಂತ ಹುಡುಗಿಯ ಕಡೆ ತಿರುಗಿದಳು. "ವಿನುತಾ, ನಾ ಸರಿ ಅದೆ ಅಂದ ಮೀನಿನ ಮೇಲೆ ನಿಂಗೆ ಅನುಮಾನ ಬಂದ್ರೆ ಎಂತ ಮಾಡ್ತೆ?"

"ಹಿತ್ತಲಿಗೆ ಒಗೀತೆ, ಅತ್ತೆ" ಎಂದಳು ವಿನುತಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಬೇಬಿ ಎಂಜಲು ಕೈಯಲ್ಲೇ ತೊಡೆ ತಟ್ಟಿ ನಕ್ಕಳು. "ಕೇಳ್ದ್ಯಾ ರೋಷನ, ಅತ್ತೆ ಅಂದ್ಳು!"

ರೋಷನ ತಲೆ ತಗ್ಗಿಸಿಕೊಂಡು ಇನ್ನಷ್ಟು ಚಟ್ನಿ ಕೇಳಿದ.