ಜಗದಾಂಬ ಬೈಕ್ ನೋಡಲು ಹೋದದ್ದು

ಗಂಡ ಸತ್ತ ಮೇಲೆ ಜಗದಾಂಬ ಯಾರ ಬೈಕಿನ ಹಿಂದೆಯೂ ಕೂತಿರಲಿಲ್ಲ. ಹಾನುಬಾಳಿನಿಂದ ಸಕಲೇಶಪುರಕ್ಕೆ ಬಸ್ಸು. ಬಸ್ಸಿಲ್ಲದಿದ್ದರೆ ಜೀಪು. ಅದೂ ಇಲ್ಲದಿದ್ದರೆ ಪೇಟೆಯ ಸಾವಾಸವೇ ಬೇಡ. ಅಂಥವಳು ಈಗ ಮಗಳ ಜೊತೆ ಬೈಕ್ ಶೋರೂಮಿಗೆ ಬಂದು ನಿಂತಿದ್ದಳು, ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು.

ಗಂಡ ಲಕ್ಕಪ್ಪ ಪಲ್ಪರ್ ರಿಪೇರಿಯವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಯಾವ ಎಸ್ಟೇಟಿನಲ್ಲಿ ಕೆಟ್ಟು ಕೂತರೂ ಅವನಿಗೇ ಫೋನು. ಸ್ಪ್ಯಾನರ್ ಚೀಲ ಬೈಕಿಗೆ ಏರಿಸಿಕೊಂಡು ಹೊರಟನೆಂದರೆ ಮಧ್ಯಾಹ್ನದ ಊಟ ಯಾರ ಮನೆಯಲ್ಲೋ ಅವನಿಗೇ ಗೊತ್ತಿರುತ್ತಿರಲಿಲ್ಲ. ಆ ಕಡೆಯ ಎಲ್ಲರಿಗೂ ಇರುವ ಚಟ ಅವನಿಗೂ ಇತ್ತು. ಇಳಿಜಾರು ಸಿಕ್ಕ ಕೂಡಲೇ ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದು, ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವುದು. ಹೆಂಡತಿ ಗೊಣಗಿದರೆ ನಗುತ್ತಿದ್ದ.

"ಇಳಿಜಾರು ದೇವ್ರು ಕೊಟ್ಟಿದ್ದು ಕಣೆ. ಅಲ್ಲೂ ಪೆಟ್ರೋಲ್ ಸುಡಾದಾ?"

ಕಾಫಿ ಕುಯ್ಲಿನಲ್ಲಿ ಒಂದು ಸಂಜೆ, ಕೆಲಸ ಮುಗಿಸಿ ಇಳಿದು ಬರುವಾಗ, ಎಸ್ಟೇಟ್ ದಾರಿಯ ತಿರುವಿನಲ್ಲಿ ಆನೆ ನಿಂತಿತ್ತು. ಅಷ್ಟೇ.

ಹಳೇ ಬೈಕು, ಬ್ರೇಕ್ ಹಿಡಿಯಲಿಲ್ಲ, ಲೈಟೂ ಮಂಕು ಎಂದು ಜನ ಮಾತಾಡಿಕೊಂಡರು. ಜಗದಾಂಬ ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮಗಳು ರಶ್ಮಿತಾ ಆ ಮಾತನ್ನೇ ನಂಬಿದಳು.

ರಶ್ಮಿತಾ ಈಗ ನರ್ಸು. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಕೂಸುಗಳಿಗೆ ಚುಚ್ಚುಮದ್ದು ಹಾಕಬೇಕು. ಯಾರದೋ ಸ್ಕೂಟರ್ ಕೇಳಿ ಒಯ್ಯುತ್ತಿದ್ದಳು. ಅದರ ಪುಟ್ಟ ಚಕ್ರ ಕೆಸರಿಗೆ ಇಳಿದರೆ ಮೇಲೇಳುತ್ತಿರಲಿಲ್ಲ. ಬೈಕ್ ಇಲ್ಲದೆ ಈ ಕೆಲಸ ಆಗದು, ಅವ್ವ ಒಪ್ಪದೆ ಬೈಕ್ ಬಾರದು. ತಿಂಗಳುಗಟ್ಟಲೆ ಫೋನಿನಲ್ಲಿ ನೋಡಿ ನೋಡಿ ಒಂದನ್ನು ಆರಿಸಿದ್ದಳು. ಕಲ್ಲು-ಕೆಸರಿನ ದಾರಿಗೆಂದೇ ಮಾಡಿದ ಅಡ್ವೆಂಚರ್ ಬೈಕು, ಆದರೆ ಚಿಕ್ಕ ಎಂಜಿನ್ನಿನದು, ಆ ಜಾತಿಯಲ್ಲಿ ಅಗ್ಗದ್ದು.

"ಅಪ್ಪಂಗೆ ಇಂಥ ಬ್ರೇಕ್ ಇದ್ದಿದ್ರೆ ಉಳ್ಕತಿದ್ರು ಕಣವ್ವ," ಎಂದಿದ್ದಳು.

ಶೋರೂಮಿನ ಹುಡುಗ ಅಭಿಲಾಷ್ ಸೀಟು ಒರೆಸಿದ. "ನೋಡಕ್ಕ, ಮೂರ್ಕಣ್ಣು ಗುಡ್ಡ ಬೇಕಾದ್ರೂ ಹತ್ತುತ್ತೆ."

"ಗುಡ್ಡದ ಮ್ಯಾಲೆ ಯಾವ ಕೂಸಿಗೆ ಸೂಜಿ ಹಾಕ್ಬೇಕಪ್ಪ?" ಎಂದಳು ಜಗದಾಂಬ.

ರಶ್ಮಿತಾ ಹತ್ತಿ ಕೂತಳು. ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗಿತು.

"ಕಾಲೇ ಊರಾಕಾಗ್ತಿಲ್ವಲ್ಲೇ. ಕುದುರೆ ಮ್ಯಾಲೆ ಕೂತಂಗೈತೆ."

"ಕೆಳಗೆ ಕಲ್ಲು ತಾಗ್ಬಾರ್ದು ಅಂತ ಎತ್ತರ ಮಾಡಿರಾದು. ಸ್ಕೂಟರ್ ಹೊಟ್ಟೆ ಎಷ್ಟು ಸಲ ಕೆರ್ದಿಲ್ಲ?"

"ಇಳಿ. ಹಿಂದಕ್ಕೆ ತಳ್ಳು ನೋಡಾಣ."

ರಶ್ಮಿತಾ ತಳ್ಳಿದಳು. ಗಾಡಿ ಹಿಂದಕ್ಕೆ ಸರಿಯಿತು, ಆದರೆ ಹ್ಯಾಂಡಲ್ ತಿರುಗಿಸುವಾಗ ಒಂದು ಕಡೆಗೆ ವಾಲಿ, ಅಭಿಲಾಷ್ ಬಂದು ಹಿಡಿಯಬೇಕಾಯಿತು. ಎದುರಿಗೆ ಏನಾದರೂ ನಿಂತಿದ್ದರೆ ತಿರುಗಿಸಿಕೊಳ್ಳಲು ಆದೀತೇ ಎಂಬುದೊಂದೇ ಜಗದಾಂಬಳ ಲೆಕ್ಕ.

"ದೋಣಿಗಲ್ ಕಡೆ ಒಂದ್ ರೌಂಡ್ ಹೋಗ್ಬನ್ನಿ," ಎಂದ ಅಭಿಲಾಷ್. "ಏರು, ಇಳಿಜಾರು ಎಲ್ಡೂ ಸಿಗ್ತದೆ."

"ನಾನೂ ಬತ್ತೀನಿ," ಎಂದಳು ಜಗದಾಂಬ. ಮಗಳು ತಿರುಗಿ ನೋಡಿದಳು.

ಹಿಂದೆ ಕೂತು ಮಗಳ ಸೊಂಟ ಹಿಡಿದಳು. ಏರಿನಲ್ಲಿ ಗಾಡಿ ಉಸಿರು ಕಟ್ಟದೆ ಹತ್ತಿತು. ಗುಂಡಿ ಹಾರಿದರೂ ಬೆನ್ನಿಗೆ ಏಟು ಬೀಳಲಿಲ್ಲ. ಒಳ್ಳೇ ಗಾಡಿ ಎಂದು ಅವಳ ಮನಸ್ಸೂ ಒಪ್ಪುತ್ತ ಬಂದಿತ್ತು. ಇಳಿಜಾರು ಶುರುವಾಯಿತು. ರಶ್ಮಿತಾಳ ಕೈ ತಾನಾಗಿ ಕೀಲಿಗೆ ಹೋಯಿತು.

ಸದ್ದು ನಿಂತಿತು. ಕಿವಿಯಲ್ಲಿ ಬರೀ ಗಾಳಿ, ಟೈರಿನ ಸರಸರ.

"ಆನ್ ಮಾಡು."

"ಯಾಕವ್ವ? ಎಷ್ಟು ನುಣ್ಣಗೆ ಉರುಳ್ತೈತೆ. ಅಪ್ಪ ಕಲಿಸಿದ್ದು."

"ನಿಲ್ಸು ಅಂದೆ."

ರಸ್ತೆ ಪಕ್ಕ ನಿಲ್ಲಿಸಿದರು. ಲಾರಿಗಳು ಹೋಗುತ್ತಿದ್ದವು. ಜಗದಾಂಬ ಇಳಿದು ಸೆರಗು ಸರಿಮಾಡಿಕೊಂಡಳು.

"ನಿಮ್ಮಪ್ಪನ ಬೈಕಿನ ಬ್ರೇಕು ಚೆನ್ನಾಗೇ ಇತ್ತು."

"ಏನಂದೆ?"

"ಮಾರ್ನೆ ದಿನ ಆ ಬೈಕ್ ತಂದ್ಕೊಟ್ಟಿದ್ದು ಪಕ್ಕದ್ಮನೆ ಕುಳ್ಳಯ್ಯ. ಕೀ ಆಫ್ ಆಗಿತ್ತು ಕಣಕ್ಕ, ನಾನೇ ಆನ್ ಮಾಡಿ ಓಡಿಸ್ಕಂಡು ಬಂದೆ ಅಂದ. ಕೀ ಆಫ್ ಆದ್ರೆ ಲೈಟೂ ಇಲ್ಲ, ಸದ್ದೂ ಇಲ್ಲ. ಸದ್ದು ಕೇಳಿದ್ರೆ ಆನೆ ತಾನೇ ದಾರಿ ಬಿಡ್ತಿತ್ತು. ಇವ್ರು ಬೆಕ್ಕಿನಂಗೆ ಹೋಗ್ಬುಟ್ರು, ಅದ್ರ ಕಾಲಬುಡಕ್ಕೆ."

ರಶ್ಮಿತಾ ಹೆಲ್ಮೆಟ್ ತೆಗೆದಳು. "ಯಾಕವ್ವ ಇಷ್ಟು ದಿನ ಹೇಳ್ಲಿಲ್ಲ?"

"ಗುಟುಕು ಪೆಟ್ರೋಲಿಗೆ ಜೀವ ಬುಟ್ಟ ಅಂತ ಆಡ್ಕತಾರೆ. ಕುಳ್ಳಯ್ಯನ ಬಾಯೂ ಕಟ್ಸಿದೆ. ಹಾಳಾದ ಬೈಕಿಂದ ಸತ್ತ ಅಂದ್ರೆ ಅಯ್ಯೋ ಪಾಪ ಅಂತಾರೆ. ಇದಕ್ಕೆ ನಗ್ತಾರೆ."

"ಅಪ್ಪಂಗೆ ಆನೆ ಕಂಡಿತ್ತಾ?"

"ಗೊತ್ತಿಲ್ಲ ಮಗ."

ಮಗಳು ಹೆಲ್ಮೆಟ್ ಹಾಕಿಕೊಂಡಳು. ಆಮೇಲೆ ಇಬ್ಬರೂ ಹತ್ತಿದರು. ಇಳಿಜಾರು ಮುಗಿಯುವ ತನಕ ರಶ್ಮಿತಾ ಕೆಳಗಿನ ಗೇರಿನಲ್ಲೇ ಓಡಿಸಿದಳು. ಎಂಜಿನ್ ಗುರುಗುಟ್ಟಿತು. ಕೆಳಗೆ ಗಾಡಿ ತಿರುಗಿಸಿಕೊಂಡು ಪೇಟೆಗೆ ಮರಳಿದರು.

ಶೋರೂಮಿನಲ್ಲಿ ಅಭಿಲಾಷ್ ಮೈಲೇಜಿನ ವರದಿ ಒಪ್ಪಿಸಿದ. "ಅದೂ ಅಲ್ದೆ, ಇಳಿಜಾರಲ್ಲಿ ಆಫ್ ಮಾಡ್ಕಂಡ್ರೆ ಇನ್ನೂ ಜಾಸ್ತಿನೇ ಕೊಡ್ತದೆ. ನಮ್ಮ ಕಡೆ ಎಲ್ರೂ ಹಂಗೇ ಅಲ್ವಾ ಅಕ್ಕ," ಎಂದು ನಕ್ಕ.

"ನಮ್ಮಪ್ಪ ಹಂಗೇ ಮಾಡಿ ಸತ್ರು," ಎಂದಳು ರಶ್ಮಿತಾ.

ಜಗದಾಂಬಳ ಮುಖಕ್ಕೆ ಬಿಸಿ ಹತ್ತಿತು. ಯಾರಾದರೂ ನಗುತ್ತಾರೆಂದು ನೆಲ ನೋಡಿದಳು. ಯಾರೂ ನಗಲಿಲ್ಲ. ಪಕ್ಕದಲ್ಲಿ ಟೈರಿಗೆ ಗಾಳಿ ತುಂಬುತ್ತಿದ್ದವನೂ ಕೈ ನಿಲ್ಲಿಸಿದ.

"ಯಾವಾಗಕ್ಕ?" ಎಂದ ಅಭಿಲಾಷ್, ದನಿ ತಗ್ಗಿಸಿ.

ಮಗಳು ಹೇಳುವ ಮೊದಲೇ ಜಗದಾಂಬ ಹೇಳಿದಳು. "ಕಾಫಿ ಕುಯ್ಲಲ್ಲಿ. ಆನೆಗೆ ಸದ್ದು ಕೇಳ್ಲಿಲ್ಲ ಕಣಪ್ಪ. ಅದ್ರ ತಪ್ಪೇನೂ ಇಲ್ಲ."

ಹೇಳಿ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು ಅತ್ತಳು. ಗಂಡನ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ. ರಶ್ಮಿತಾ ಬಂದು ಪಕ್ಕದಲ್ಲಿ ನಿಂತು, ಅಳು ಇಳಿಯುವ ತನಕ ಅವಳ ಭುಜದ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಆಮೇಲೆ ಗಾಡಿ ಎಂದಿಗೆ ಸಿಗುತ್ತದೆ ಎಂದು ಅಭಿಲಾಷನನ್ನು ಕೇಳಿದಳು. ಜಗದಾಂಬ ಕಣ್ಣೊರೆಸಿಕೊಂಡು, ಮುಂಗಡ ಕೊಡಲು ಕೈಚೀಲ ಬಿಚ್ಚಿದಳು.