ಘಾಟ್ ಇಳಿಯುವ ಮೊದಲು ಐದು ನಿಮಿಷ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕಣಗಲಾ ಊರಿನ ಹೊರಗೆ, ಹೆದ್ದಾರಿಗೆ ತಾಗಿದ ತಗಡಿನ ಶೆಡ್ಡಿನ ಮುಂದೆ ಕಬ್ಬು ಹೇರಿದ ಹಸಿರು ಲಾರಿಯೊಂದು ನಿಂತಿದೆ. ಮೊದಲು ಸೈನ್ಯದಲ್ಲಿದ್ದ ಗಾಡಿ. ಬಾಗಿಲ ಮೇಲಿನ ಹಳೆಯ ನಂಬರು ಹೊಸ ಬಣ್ಣದ ಕೆಳಗೆ ಈಗಲೂ ಉಬ್ಬಿ ಕಾಣುತ್ತದೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಸಾತವ್ವ ಹಿಂಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಾರೆ.

“ಇಂಜಿನ್ ಬಂದ್ ಮಾಡೋ ಪರಶ್ಯಾ. ಬ್ರೇಕ್ ತುಳದ ಹಿಡಿ. ಇನ್ನ ಯಾರೂ ಮಾತಾಡಬ್ಯಾಡ್ರಿ.”

ಡ್ರೈವರ್ ಪರಶುರಾಮ ಇಂಜಿನ್ ನಿಲ್ಲಿಸುತ್ತಾನೆ. ಪಕ್ಕದ ಚಹಾದಂಗಡಿಯ ಪದ್ಮವ್ವ ಯಾರೂ ಹೇಳದೆಯೇ ಗ್ಯಾಸ್ ಒಲೆ ಆರಿಸುತ್ತಾರೆ. ಅದರ ಸುಯ್ ಎನ್ನುವ ಸದ್ದೂ ಅಡ್ಡ ಬರಬಾರದು. ಇಲ್ಲಿ ಇದೇ ರೂಢಿ: ತವಂದಿ ಘಾಟ್ ಇಳಿಯುವ ಮಿಲ್ಟ್ರಿ ಗಾಡಿ ಸಾತವ್ವನ ಶೆಡ್ಡಿನ ಮುಂದೆ ಐದು ನಿಮಿಷ ಬ್ರೇಕ್ ತುಳಿದುಕೊಂಡು ಸುಮ್ಮನೆ ನಿಲ್ಲಬೇಕು. ಅಷ್ಟು ಹೊತ್ತು ಚಹಾ ಕೂಡ ಕುದಿಯುವುದಿಲ್ಲ.

“ಕಾಟಾ ಎಷ್ಟ ಐತಿ?”

“ಏಳು ಐತಿ ಅಕ್ಕಾ.”

ಸಾತವ್ವ ಎದ್ದು, ಮೆಟ್ಟಿಲು ಹತ್ತಿ, ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ತಾವೇ ನೋಡುತ್ತಾರೆ. “ನಿನ್ನ ಕಣ್ಣಿಗೆ ಏಳು. ನನ್ನ ಕಣ್ಣಿಗೆ ಆರರ ಕೆಳಗ ಬಂದೈತಿ. ಇನ್ನೂ ಎರಡ ನಿಮಿಷ ಆಗಿಲ್ಲ.”

ಪರಶುರಾಮ ಮುಖ ಆಚೆ ತಿರುಗಿಸುತ್ತಾನೆ.

ಈ ಗಾಡಿಗಳ ಬ್ರೇಕ್ ಹಿಡಿಯುವುದು ಗಾಳಿಯ ಬಲದಿಂದ. ಇಂಜಿನ್ ಓಡುವಾಗ ಗಾಳಿಯ ಟ್ಯಾಂಕು ತುಂಬುತ್ತಲೇ ಇರುತ್ತದೆ. ಹಾಗಾಗಿ ಸಣ್ಣ ಸೋರಿಕೆ ಇದ್ದರೆ ಮುಳ್ಳು ಅದನ್ನು ಹೇಳುವುದೇ ಇಲ್ಲ. ಘಾಟಿನಲ್ಲಿ ಹನ್ನೆರಡು ಟನ್ ಕಬ್ಬು ಬೆನ್ನ ಮೇಲೆ ಹೊತ್ತು ತಿರುವಿಗೊಮ್ಮೆ ಬ್ರೇಕ್ ತುಳಿದಾಗ ಮಾತ್ರ ತಿಳಿಯುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ.

ಮಸಗುಪ್ಪಿ ಕಡೆಯ ಎರೆಹೊಲಗಳಲ್ಲಿ ನೀರು ನಿಂತಾಗ ಟ್ರ್ಯಾಕ್ಟರ್ ಹೂತುಹೋಗುತ್ತದೆ, ಮಿಲ್ಟ್ರಿ ಗಾಡಿ ಹೂಳುವುದಿಲ್ಲ. ಮುಂದಿನ ಗಾಲಿಗಳೂ ಎಳೆಯುತ್ತವೆ. ಅದಕ್ಕಾಗಿಯೇ ಮೂಡಲಗಿ, ಗೋಕಾಕ ಸೀಮೆಯ ಕಬ್ಬಿನವರು ಇವನ್ನು ಹರಾಜಿನಲ್ಲಿ ಹಿಡಿದು ತರುತ್ತಾರೆ. ಹಂಗಾಮು ಬಂತೆಂದರೆ ದಿನಕ್ಕೆ ಎಂಟು, ಹತ್ತು ಗಾಡಿ ಈ ಶೆಡ್ಡಿಗೆ ಬರುತ್ತವೆ. ಇಂಜಿನ್, ಗೇರು ಗಂಡ ಲಗಮಣ್ಣನ ಪಾಲು. ಬ್ಯಾಟರಿ ಮತ್ತು ಗಾಳಿ ಸಾತವ್ವನ ಪಾಲು.

“ನಾ ಗಾಡಿ ಹೊಟ್ಟಿ ನೋಡ್ತೇನ್ರಿ, ಆಕಿ ಉಸಿರು ನೋಡ್ತಾಳ,” ಎನ್ನುತ್ತಾರೆ ಲಗಮಣ್ಣ. “ಮನ್ಯಾಗೂ ಹಂಗ. ನಾ ಸುಮ್ಮ ಉಸಿರು ಬಿಟ್ರೂ ಯಾಕ ಬಿಟ್ರಿ ಅಂತಾಳ.”

ನಲವತ್ತೇಳರ ಸಾತವ್ವ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮದುವೆಯಾಗಿ ಬಂದಾಗ ಬ್ಯಾಟರಿಗೆ ನೀರು ಹಾಕುವುದಷ್ಟೇ ಕೆಲಸವಾಗಿತ್ತು. ಈಗ ಕೋಶಕೋಶಕ್ಕೂ ಗಾಜಿನ ಕೊಳವೆ ಇಳಿಸಿ ಆಮ್ಲದ ಗಟ್ಟಿತನ ಅಳೆಯುತ್ತಾರೆ. ದಿನಕ್ಕೆ ಇಪ್ಪತ್ತಾದರೂ ಬ್ಯಾಟರಿ, ಒಂದೊಂದೂ ಮೂವತ್ತೈದು ಕಿಲೋ. ಅಂಗೈ ತುಂಬ ಸುಟ್ಟ ಬಿಳಿ ಚುಕ್ಕೆಗಳು. ಊಟಕ್ಕೆ ಮೊದಲು ಅಡುಗೆ ಸೋಡಾದಲ್ಲಿ ಕೈ ತೊಳೆಯುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ, ತುತ್ತು ಮೊಮ್ಮಗಳ ಬಾಯಿಗೂ ಹೋಗುತ್ತದಲ್ಲ.

ಡ್ರೈವರುಗಳ ಒಂದು ತಪ್ಪಿಗೆ ಅವರಿಗೆ ತಾಳ್ಮೆಯೇ ಇಲ್ಲ. ಗಾಡಿಗೆ ಎರಡು ಬ್ಯಾಟರಿ ಜೋಡಿಯಾಗಿ ದುಡಿಯುತ್ತವೆ. ಹಾಡು ಕೇಳುವ ಡಬ್ಬಿಗೆ ಎರಡರ ಬಲ ಹೆಚ್ಚಾಗುತ್ತದೆಂದು ಹುಡುಗರು ಒಂದಕ್ಕೇ ವೈರು ಸಿಕ್ಕಿಸುತ್ತಾರೆ. “ಒಂದು ಹಸದ ಸಾಯ್ತೈತಿ, ಇನ್ನೊಂದು ಉಂಡ ಉಂಡ ಉಬ್ಬಿ ಸಾಯ್ತೈತಿ. ಜೋಡಿ ಎತ್ತಿನಾಗ ಒಂದಕ್ಕ ಮೇವು ಹಾಕಿ ಒಂದನ್ನ ಬಿಡ್ತೀರೇನೋ ಅಂತ ಬೈತೇನ್ರಿ. ಎತ್ತು ಕಟ್ಟಿದವ್ರ ಯಾರದಾರ ಇವರಾಗ, ತಿಳೀವಲ್ದು.”

ಈ ಹೊತ್ತು ತೊಂದರೆ ಬ್ಯಾಟರಿಯದಲ್ಲ. ಬ್ರೇಕ್ ಬಿಟ್ಟಾಗ ಮುಳ್ಳು ಅಲುಗುವುದಿಲ್ಲ, ತುಳಿದಾಗ ಇಳಿಯುತ್ತದೆ. ಸಾತವ್ವ ಸಾಬೂನಿನ ನೊರೆ ಹಚ್ಚುತ್ತ ಒಂದೊಂದೇ ಗಾಲಿಗೆ ಕಿವಿಗೊಡುತ್ತಾರೆ. ಎಡ ಹಿಂಗಾಲಿಯ ಬಳಿ ನಿಲ್ಲುತ್ತಾರೆ. ನೋಡಲು ಬಂದ ನಮಗೆ ಏನೂ ಕೇಳಿಸುವುದಿಲ್ಲ. “ಕೂಸಿಗೆ ಜ್ವರ ಬಂದಾಗ ಬಾಜೂಕ ಮಲಗಿ ಉಸಿರು ಕೇಳಿರಿಲ್ಲೋ? ಹಂಗ ಕೇಳ್ರಿ,” ಎನ್ನುತ್ತಾರೆ. ಆಗ ಕೇಳಿಸುತ್ತದೆ, ಬಲು ಸಣ್ಣಗೆ.

ಗಾಲಿಗಳಿಗೆ ಕಲ್ಲು ಒತ್ತಿ, ಬ್ರೇಕಿನ ಡಬ್ಬಿ ಬಿಚ್ಚಿದಾಗ ಒಳಗೆ ಇರಬೇಕಾದ ದಪ್ಪ ರಬ್ಬರಿನ ಬದಲು ಟ್ರ್ಯಾಕ್ಟರ್ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ತುಂಡು ಸಿಗುತ್ತದೆ.

“ಇದನ್ನ ಯಾರ ಹಾಕ್ಯಾರೋ?”

“ಮೊದಲಿಂದು ಹೊಲದಾಗ ಹರೀತಕ್ಕಾ,” ಪರಶುರಾಮನ ದನಿ ಇಳಿದಿದೆ. “ಮಸಗುಪ್ಪ್ಯಾಗ ರಬ್ಬರ್ ಎಲ್ಲಿ ಸಿಗತೈತಿ? ಎಂಟು ದಿನದಿಂದ ಛಲೋನ ಓಡೇತಿ.”

“ಸಪಾಟ ಹೊಲದಾಗ ಓಡೇತಿ. ಘಾಟಿನಾಗ ಕಾದ್ರ ಹಪ್ಪಳದಂಗ ಆಗತೈತಿ. ಮನ್ಯಾಗ ಯಾರ್ಯಾರ ಅದಾರ ನಿನಗ?”

ಅವನು ಉತ್ತರಿಸುವ ಮೊದಲೇ ಸಾತವ್ವನಿಗೆ ಫೋನ್ ಬರುತ್ತದೆ. ಕಲ್ಲೋಳಿಯ ಮುರಿಗೆಪ್ಪ, ಗಾಡಿಯ ಮಾಲೀಕರು. ಅವರ ಆರು ಗಾಡಿಗಳೂ ಇದೇ ಶೆಡ್ಡಿಗೆ ಬರುತ್ತವೆ.

“ಸಾತವ್ವಾ, ಹನ್ನೊಂದರೊಳಗ ಗಾಡಿ ಕಾರ್ಖಾನಿ ಗೇಟ್ ದಾಟಬೇಕು. ಇಲ್ಲಂದ್ರ ನಮ್ಮ ಪಾಳಿ ಹೋಗತೈತಿ, ಕಬ್ಬು ಎರಡ ದಿನ ಒಣಗತೈತಿ. ಬಿಡವ್ವಾ.”

“ಬ್ರೇಕ್ ಇಲ್ರಿ ಸಾವ್ಕಾರ್ರ. ಡಬ್ಬ್ಯಾಗ ಟ್ಯೂಬಿನ ತುಂಡು ಹಾಕ್ಯಾರ. ಸಂಕೇಶ್ವರದಿಂದ ರಬ್ಬರ್ ಬರಬೇಕು.”

“ನೀ ಬ್ಯಾಟ್ರಿ ನೋಡಾಕಿ, ಬ್ಯಾಟ್ರಿ ನೋಡು. ಪರಶ್ಯಾಗ ಹೇಳ್ತೇನಿ, ಡಬ್ಬಿ ಮುಚ್ಚಿ ಸಾವಕಾಶ ಇಳಸ್ತಾನ. ಇಲ್ಲಂದ್ರ ನಾಳಿಂದ ನನ್ನ ಗಾಡಿ ನಿಮ್ಮಲ್ಲಿ ನಿಂದರಂಗಿಲ್ಲ.”

ಸಾತವ್ವ ಫೋನನ್ನು ಗಂಡನ ಕೈಗೆ ಕೊಟ್ಟು ಬ್ಯಾಟರಿ ಪೆಟ್ಟಿಗೆ ತೆರೆಯುತ್ತಾರೆ. ಎರಡು ಬ್ಯಾಟರಿಗಳನ್ನು ಬೆಸೆಯುವ ಗೇಣುದ್ದದ ದಪ್ಪ ವೈರನ್ನು ಬಿಚ್ಚಿ, ಒರೆಸಿ, ಅಂಗಿಯ ಜೇಬಿಗೆ ಇಳಿಸುತ್ತಾರೆ. ಅದಿಲ್ಲದೆ ಗಾಡಿ ಚಾಲೂ ಆಗದು.

“ಆರು ಗಾಡಿ ಅದಾವ ಅವರ್ವು,” ಲಗಮಣ್ಣ ಮೆಲ್ಲಗೆ ಹೇಳುತ್ತಾರೆ. “ವಿಚಾರ ಮಾಡು.”

“ಸಂಜಿಗೆ ವಿಚಾರ ಮಾಡೂಣು. ಈಗ ಸಂಕೇಶ್ವರಕ್ಕ ಹೋಗ್ರಿ. ಅಂಗಡಿ ತಗದಿರದಿದ್ರ ಅವರ ಮನಿ ಬಾಗಲಾ ಬಡೀರಿ.”

ಲಗಮಣ್ಣ ಬೈಕ್ ಹತ್ತುತ್ತಾರೆ. ಪರಶುರಾಮ ಮುಖ ಊದಿಸಿಕೊಂಡು ಕಲ್ಲಿನ ಮೇಲೆ ಕೂಡುತ್ತಾನೆ. ಇಷ್ಟು ಹಠ ಏಕೆ ಎಂದು ನಾವು ಕೇಳಿದಾಗ ಸಾತವ್ವ ನೊರೆಯ ಬಟ್ಟಲು ತೊಳೆಯುತ್ತ ಹೇಳುತ್ತಾರೆ.

“ಒಂಬತ್ತ ವರ್ಷದ ಹಿಂದ ಬಾಳೇಶ ಅಂತ ಒಬ್ಬಾಂವ ಗಾಡಿ ತಂದಿದ್ದನ್ರಿ. ಹಿಂಗ ಸಣ್ಣಗ ಕೇಳಿತ್ತು. ಗಂಡಸರೆಲ್ಲಾ ಏನೂ ಇಲ್ಲ ಅಂದ್ರು, ನನ್ನ ಕಿವೀನ ಸುಳ್ಳು ಅನಿಸ್ತು, ಸುಮ್ಮಾದೆ. ಘಾಟಿನಾಗ ಗಾಡಿ ಗುಡ್ಡಕ್ಕ ಗುದ್ದಿ ನಿಂತಿತು. ಜೀವ ಉಳೀತು, ಕಾಲು ಉಳೀಲಿಲ್ಲ. ಈಗ ಸಂಕೇಶ್ವರದಾಗ ಪೆಟ್ರೋಲ್ ಬಂಕಿನಾಗ ಕುಂತಿರ್ತಾನ. ನಾ ಕಂಡ್ರ ಕರದು ಚಾ ಕುಡಸ್ತಾನ. ಬೈದಿದ್ರ ಛಲೋ ಇತ್ತು.”

ಒಂಬತ್ತೂ ಹತ್ತಕ್ಕೆ ರಬ್ಬರ್ ಬರುತ್ತದೆ. ಅಂಗಡಿಯವರು ಪೂಜೆಗೆ ಕುಳಿತಿದ್ದರಂತೆ, ಲಗಮಣ್ಣ ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದರಂತೆ. ಗಂಡ ಹಿಡಿಯುತ್ತಾರೆ, ಹೆಂಡತಿ ಬಿಗಿಯುತ್ತಾರೆ. ವೈರು ಮರಳಿ ಸೇರುತ್ತದೆ, ಗಾಳಿ ತುಂಬುತ್ತದೆ, ಇಂಜಿನ್ ನಿಲ್ಲುತ್ತದೆ, ಪದ್ಮವ್ವನ ಒಲೆ ಆರುತ್ತದೆ. ಒಂದು ನಿಮಿಷ. ಮೂರು. ಐದು. ಮುಳ್ಳು ಏಳರ ಮೇಲೆ ಕದಲದೆ ನಿಂತಿದೆ.

“ಈಗ ನನ್ನ ಕಣ್ಣಿಗೂ ಏಳು. ಹೋಗು.”

ಪರಶುರಾಮ ಬಾಗಿಲನ್ನು ಧಡಾರನೆ ಎಳೆದುಕೊಳ್ಳುತ್ತಾನೆ. ಗಾಡಿ ಹೆದ್ದಾರಿಗೆ ಏರಿದ ಮೇಲೆ ಸಾತವ್ವ ಮುಂದಿನ ಬ್ಯಾಟರಿಗೆ ಕೈ ಹಚ್ಚುತ್ತಾರೆ, ಆದರೆ ಒಂದು ಕೋಶವನ್ನೇ ಎರಡು ಸಲ ಅಳೆಯುತ್ತಾರೆ. ಹತ್ತೂಕಾಲಿಗೆ ಫೋನ್. ಘಾಟ್ ಇಳಿದೆ, ಎನ್ನುತ್ತಾನೆ ಹುಡುಗ. ಮತ್ತೆ ಸೇರಿಸುತ್ತಾನೆ: “ಸಾವ್ಕಾರ್ರು ಉಳದ ಐದೂ ಗಾಡಿಗೆ ಹುಕ್ಕೇರಿ ಮಿಸ್ತ್ರಿ ಕಡೆ ಹೋಗ್ರಿ ಅಂದಾರಕ್ಕಾ.”

“ಹೋಗ್ಲಿ ಬಿಡು. ನೀ ನಿಧಾನ ಹೋಗು.”

ಲಗಮಣ್ಣ ತಲೆ ಕೆರೆದುಕೊಳ್ಳುತ್ತಾರೆ. ಹಂಗಾಮಿನ ಅರ್ಧ ಕೆಲಸ ಆ ಆರು ಗಾಡಿಗಳದ್ದೇ. ಬೇಸರವಿಲ್ಲವೇ ಎಂಬ ಪ್ರಶ್ನೆಗೆ ಸಾತವ್ವ ಸೋಡಾ ನೀರಿನಲ್ಲಿ ಅದ್ದಿದ ಕೈಗಳನ್ನೇ ನೋಡುತ್ತ ಉತ್ತರಿಸುತ್ತಾರೆ.

“ಐತ್ರಿ, ಇಲ್ಲಂತ ಯಾಕ ಹೇಳ್ಲಿ. ಆದ್ರ ಸಿಟ್ಟ ಮಾಡ್ಕೊಂಡು ಹೋದ ಗಾಡಿ ಎಲ್ಲೆರೆ ಓಡಾಡ್ಕೋತ ಇರ್ತೈತಲ್ರಿ. ಅಷ್ಟ ಸಾಕು.”