ಶಾಸನ ಕೆತ್ತುವ ಶಾಸಕರು

ತಿಕೋಟಾದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ದಿನವಂತೂ ಕೇಳುವುದೇ ಬೇಡ. ಅಂಥ ನನಗೆ ಹೆದರದೆ ಪ್ರಶ್ನೆ ಕೇಳುತ್ತಿದ್ದವಳು ಒಬ್ಬಳೇ, ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು.

ಖಾಸಗಿಯಾಗಿ ಕಟ್ಟಿದ್ದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಆಕೆ ಪಾಸಾಗದೆ ಉಳಿದದ್ದು ಸಮಾಜ ಒಂದೇ. ಎರಡು ಸಲ ಅದೇ ಕೈಕೊಟ್ಟಿತ್ತು. "ಈ ಸಲ ನಪಾಸಾದ್ರ ಪುಸ್ತಕ ಒಲಿಗೆ ಹಾಕ್ತೇನಿ" ಎಂದು ಅತ್ತೆ ಹೇಳಿಬಿಟ್ಟಿದ್ದಳಂತೆ. ಹಾಗಾಗಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ದಿನಾ ನನ್ನ ಹತ್ತಿರ ಬರುತ್ತಿದ್ದಳು. ನಾನು ಕಪ್ಪು ಮಣ್ಣು ಎಂದು ಶುರು ಮಾಡಿದರೆ, "ಎರಿ ಅನ್ರಿ ಅಕ್ಕಾರ, ಅದನ್ನೇನ ನನಗ ಕಲಸ್ತೀರಿ" ಎಂದು ನನಗೇ ಪಾಠ ಹೇಳುತ್ತಿದ್ದಳು.

ಪರೀಕ್ಷೆಗೆ ಹತ್ತು ದಿನ ಇದ್ದಾಗ ಹುಬ್ಬು ಗಂಟಿಕ್ಕಿಕೊಂಡು ಬಂದಳು. "ಅಕ್ಕಾರ, ಶಾಸನ ಅಂದ್ರ ಕಲ್ಲಿನ ಮ್ಯಾಲೆ ಕೆತ್ತಿದ್ದು ಅಂತ ಇತಿಹಾಸದಾಗ ಐತಿ. ರಾಜ್ಯಶಾಸ್ತ್ರದಾಗ ಶಾಸಕರು ಶಾಸನ ಮಾಡ್ತಾರ ಅಂತ ಐತಿ. ಹಂಗಾರ ಅವರು ಕಲ್ಲು ಕೆತ್ತತಾರೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯ ಹುಚ್ಚಿ! ಅದ ಬ್ಯಾರೆ, ಇದ ಬ್ಯಾರೆ. ಬಾಯಿಪಾಠ ಮಾಡು, ಹೋಗು" ಎಂದೆ. ಅಷ್ಟಕ್ಕೇ ಬಿಡದೆ ಸ್ಟಾಫ್ ರೂಮಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ತಿರುಗಿ ನೋಡಿದರೆ ಆಕೆ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮರುದಿನದಿಂದ ಪ್ರಶ್ನೆ ಬಂದ್. ಎರಡು ದಿನ ನೋಡಿದೆ, ಮೂರನೆಯ ದಿನ ಜೀವ ತಡೆಯಲಿಲ್ಲ. ಬೇರೆ ಬೇರೆ ಎಂದೆನಲ್ಲ, ಹೇಗೆ ಬೇರೆ? ಮನೆಗೆ ಹೋಗಿ ನಿಘಂಟು ತೆಗೆದೆ. ಶಾಸನ ಎಂಬ ಮಾತಿನ ಮುಂದೆ 'ಆಜ್ಞೆ' ಎಂದಿತ್ತು. ಇಷ್ಟು ವರ್ಷ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಬೆಳಿಗ್ಗೆ ನೇರ ಅಡುಗೆಮನೆಗೆ ಹೋದೆ. ಆಕೆ ಬೇಳೆ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ನೋಡವಾ, ತಪ್ಪು ನಂದ. ಶಾಸನ ಅಂದ್ರ ಅಪ್ಪಣಿ. ಗೋಳಗುಮ್ಮಟದ ಮ್ಯೂಸಿಯಮ್ಮಿನಾಗ ಅಕ್ಷರ ಇದ್ದ ಕಲ್ಲು ನೋಡಿದ್ದಿ ಹೌದಿಲ್ಲೊ? ಆವಾಗ ಅರಸರ ಅಪ್ಪಣಿ ಕಲ್ಲಿನ ಮ್ಯಾಲೆ ಕೆತ್ತತಿದ್ರು. ಈಗ ಶಾಸಕರು ವಿಧಾನಸಭಾದಾಗ ಕೂತು ಮಾಡಿದ ಕಾಯ್ದೆ ಕಾಗದದ ಮ್ಯಾಲೆ ಬರ್ತೈತಿ. ಮಾತು ಒಂದ."

"ಹಂಗಾರ ನಾ ಹುಚ್ಚಿ ಅಲ್ಲ?"

"ನೀ ಶಾಣ್ಯಾಕಿ. ಹುಚ್ಚಿ ನಾನ."

ಮೊರದ ಬೇಳೆ ಚೆಲ್ಲುವಂತೆ ನಕ್ಕಳು. "ಇದನ್ನ ಸ್ಟಾಫ್ ರೂಮಿನಾಗೂ ಹೇಳ್ರಿ ಮತ್ತ!"

ಹೇಳಿದೆ. ಎಲ್ಲರೆದುರೇ ಹೇಳಿದೆ. ಅದೇ ಮಧ್ಯಾಹ್ನ ಆಕೆ ಐದು ಪ್ರಶ್ನೆ ಕಟ್ಟಿಕೊಂಡು ಬಂದಳು.

ಬಬಲೇಶ್ವರದ ಕೇಂದ್ರದಲ್ಲಿ ಪರೀಕ್ಷೆ ಬರೆದಳು. ಫಲಿತಾಂಶದ ದಿನ ಫೋನ್ ಬಂತು, ಆ ಕಡೆ ಬರೀ ಅಳು.

"ಏನಾತವಾ? ಹೋತೇನ?"

"ಪಾಸಾಗೇನ್ರಿ ಅಕ್ಕಾರ."

"ಯವ್ವಾ! ಮತ್ತ ಅಳಾಕ ಏನ ಧಾಡಿ?"

"ನಮ್ಮತ್ತಿ ಓಣಿ ತುಂಬ ಹೇಳ್ಕೋಂತ ಹೊಂಟಾಳ್ರಿ, 'ನನ್ನ ಸೊಸಿ ಪಾಸಾಗ್ಯಾಳ' ಅಂತ. ಮದಿವ್ಯಾಗಿ ಹನ್ನೆರಡು ವರ್ಷಾತು, ಆಕಿ ಬಾಯಾಗ 'ನನ್ನ ಸೊಸಿ' ಅಂತ ಬಂದದ್ದು ಇವತ್ತ ನೋಡ್ರಿ."